‘ಆ ವಿಷಯ’ ಯಾವುದು?

ಎಲ್ಲರಿಗೂ ನಮಸ್ಕಾರ. ‘ಇವರು ಮನಸ್ಸನ್ನು ತಿಳಿಯಾಗಿಟ್ಟುಕೊಳ್ಳುವ ಅಭ್ಯಾಸಗಳ ಬಗ್ಗೆ ಮಾತಾಡುತ್ತಾರೆ’ ಅಂತ ಈಗ ಪರಿಚಯ ಮಾಡಿಕೊಟ್ಟರಲ್ಲ, ಆ ಹೊತ್ತಿಗೆ ನಾನು ಮನೆ ಬೀಗ ಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಹಾಗಾಗಿ ನನ್ನನ್ನು ವೈದ್ಯ ಅಂದುಕೊಳ್ಳಬೇಡಿ. ಪಕ್ಕದ ಮಂಚದ ರೋಗಿ ಅಷ್ಟೇ.

ಬೇಗ ಏಳಿ, ಧ್ಯಾನ ಮಾಡಿ, ನಡೆಯಿರಿ. ಇದೆಲ್ಲ ನಿಮಗೆ ಗೊತ್ತು. ಗೊತ್ತಿದ್ದೂ ಸಂಜೆ ಹೊತ್ತಿಗೆ ತಲೆ ಕಲಸಿಹೋಗಿರುತ್ತೆ, ಅಲ್ವಾ? ನನ್ನ ವಾದ ಒಂದೇ. ದೊಡ್ಡ ಕೆಲಸಗಳಿಗಿಂತ ಅರ್ಧಕ್ಕೆ ಬಿಟ್ಟ ಪುಟ್ಟ ಪುಟ್ಟ ಕೆಲಸಗಳೇ ತಲೆ ಜಾಸ್ತಿ ತಿನ್ನುತ್ತವೆ.

ಕೆಲವು ವರ್ಷಗಳ ಹಿಂದೆ ನನಗೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿಬಿಡುತ್ತಿತ್ತು. ಅಂಥ ಕಷ್ಟವೇನೂ ಇರಲಿಲ್ಲ. ಸುಮ್ನೆ ಎಚ್ಚರ. ಒಂದು ರಾತ್ರಿ ಬೇಸತ್ತು ಎದ್ದು, ಹಳೇ ಲಕೋಟೆಯ ಹಿಂದೆ ತಲೆಯಲ್ಲಿ ಇದ್ದದ್ದನ್ನೆಲ್ಲ ಬರೆದೆ. 17 ಸಾಲಾಯಿತು. ‘ಬಲ್ಬ್’. ‘ಹಲ್ಲು’. ‘ಅಕ್ಕನಿಗೆ ಫೋನ್’. ಒಂಬತ್ತನೆಯ ಸಾಲು ‘ಆ ವಿಷಯ’. ಅಷ್ಟೇ. ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ.

ಬೆಳಿಗ್ಗೆ ಎದ್ದು ನೋಡಿದರೆ ಯಾವ ವಿಷಯ ಅಂತ ನನಗೇ ಗೊತ್ತಿಲ್ಲ! ಹೆಂಡತಿಯನ್ನು ಕೇಳಿದೆ. ‘ನಿಮ್ಮ ತಲೆಯೊಳಗಿನದು ನನಗೇನ್ರೀ ಗೊತ್ತು?’ ಎಂದಳು. ಮೂರು ದಿನ ಬಿಟ್ಟು ಬಾಗಿಲ ಹಿಂದೆ ಏನೋ ಹುಡುಕುವಾಗ ಒಂದು ಕೊಡೆ ಕೈಗೆ ಸಿಕ್ಕಿತು. ಹಿಂದಿನ ಮಳೆಗಾಲದಲ್ಲಿ ಸ್ನೇಹಿತನಿಂದ ತಂದದ್ದು. ಇದೇ ಆ ವಿಷಯ. ಕೊಡೆ ಮರೆತುಹೋಗಿ ಅಳುಕು ಮಾತ್ರ ಉಳಿದುಬಿಟ್ಟಿತ್ತು. ಅವನ ಫೋನ್ ಬಂದರೆ ‘ಆಮೇಲೆ ಮಾತಾಡೋಣ’ ಎಂದು ತಿಂಗಳುಗಟ್ಟಲೆ ಬಿಟ್ಟಿದ್ದೆ. ಯಾಕೆ ಬಿಡುತ್ತಿದ್ದೇನೆ ಎಂಬುದೇ ನೆನಪಿರಲಿಲ್ಲ. ಅವತ್ತೇ ಫೋನ್ ಮಾಡಿದೆ. ಅವನು ಕೇಳಿದ: ‘ಯಾವ ಕೊಡೆಯೋ ಮಾರಾಯ?’

ನೀವು ನಗುತ್ತಿದ್ದೀರಿ. ನಿಮ್ಮ ಮನೆ ಬಾಗಿಲ ಹಿಂದೆಯೂ ಒಮ್ಮೆ ನೋಡಿ.

1927ರಲ್ಲಿ ಬ್ಲೂಮಾ ಝೈಗಾರ್ನಿಕ್ ಎಂಬ ಮನೋವಿಜ್ಞಾನಿ ಇದರ ಬಗ್ಗೆ ಬರೆದರು. ಮುಗಿದ ಕೆಲಸಕ್ಕಿಂತ ನಡುವೆ ತಡೆದು ನಿಲ್ಲಿಸಿದ ಕೆಲಸ ಜನರಿಗೆ ಹೆಚ್ಚು ನೆನಪಿರುತ್ತೆ ಎಂದು ಅವರ ಪ್ರಯೋಗದಲ್ಲಿ ಕಂಡಿತು. ಆಮೇಲೆ ಅದನ್ನೇ ಮಾಡಿನೋಡಿದ ಎಲ್ಲರಿಗೂ ಅದೇ ಫಲ ಸಿಕ್ಕಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನನಗೆ ಇಷ್ಟವಾದದ್ದು 2011ರ ಒಂದು ಅಧ್ಯಯನ, ಮಸಿಕಾಂಪೊ ಮತ್ತು ಬೌಮೈಸ್ಟರ್ ಅವರದು. ಕೆಲಸ ಮುಗಿಸಲೇಬೇಕೆಂದಿಲ್ಲ. ಯಾವಾಗ, ಹೇಗೆ ಮಾಡುತ್ತೇನೆ ಎಂದು ಖಚಿತವಾಗಿ ಗೊತ್ತುಮಾಡಿಕೊಂಡರೂ ಅದರ ಕಾಟ ಕಡಿಮೆಯಾಗುತ್ತೆ.

ಆದ್ದರಿಂದ ‘ಬಲ್ಬ್’ ಎಂದು ಬರೆದರೆ ಸಾಲದು. ‘ಶನಿವಾರ ಬೆಳಿಗ್ಗೆ ಬಚ್ಚಲಿನ ಬಲ್ಬ್ ಬದಲಿಸುವುದು’ ಎಂದು ಬರೆಯಿರಿ. 2018ರಲ್ಲಿ 57 ಯುವಜನರ ಮೇಲೆ ಒಂದು ಪ್ರಯೋಗ ಮಾಡಿದರು. ಮಲಗುವ ಮುಂಚೆ ಐದು ನಿಮಿಷ, ಕೆಲವರು ಮಾಡಿ ಮುಗಿಸಿದ್ದನ್ನು ಬರೆದರು, ಕೆಲವರು ಮುಂದೆ ಮಾಡಬೇಕಾದ್ದನ್ನು. ಎರಡನೆಯವರಿಗೆ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಬಂತು. ಹೆಚ್ಚು ಬಿಡಿಸಿ ಬರೆದವರಿಗೆ ಇನ್ನೂ ಬೇಗ.

ತಲೆಯಲ್ಲೇ ಇಟ್ಟುಕೊಂಡರೆ ಏನಾಗುತ್ತೆ? ಒಂದೇ ಹೊತ್ತಿಗೆ ಎಷ್ಟು ಸಂಗತಿ ಹಿಡಿದಿಟ್ಟುಕೊಳ್ಳಬಹುದು ಎಂದರೆ, 1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಏಳರ ಆಸುಪಾಸು ಎಂದಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ನಾಲ್ಕಕ್ಕೆ ಇಳಿಸಿದರು. ನಾಲ್ಕು ಕುರ್ಚಿ, 17 ಜನ ನೆಂಟರು. ಗಲಾಟೆ ಆಗದೆ ಇರುತ್ತಾ?

ಓ, ಚೀಟಿ ಬಂತು. ‘ಐದು ನಿಮಿಷ’ ಅಂತಿದೆ. ಕೊಡೆಯ ಕಥೆ ಹೇಳಿದ್ದು ಉದ್ದವಾಯಿತು, ಮನೆಯಲ್ಲೂ ಇದೇ ದೂರು.

ಉಳಿದದ್ದನ್ನು ಬೇಗ ಹೇಳುತ್ತೇನೆ. ಫೋನು. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹಾರಿದರೆ ಗಮನದ ಒಂದು ತುಣುಕು ಹಿಂದಿನದರಲ್ಲೇ ಉಳಿಯುತ್ತೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದರು. ಮತ್ತೆ ಅದೇ, ಅರ್ಧಕ್ಕೆ ಬಿಟ್ಟದ್ದರ ಕಾಟ! ಆದ್ದರಿಂದ ಕೆಲಸ ಬಿಟ್ಟು ಫೋನ್ ಎತ್ತುವ ಮುಂಚೆ ಎಲ್ಲಿ ನಿಲ್ಲಿಸಿದೆ, ಮುಂದೇನು ಎಂದು ಒಂದು ಸಾಲು ಗೀಚಿಡಿ.

ನಿದ್ದೆ. 2003ರ ಒಂದು ಪ್ರಯೋಗದಲ್ಲಿ ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಿದವರ ಚುರುಕು ದಿನೇ ದಿನೇ ಕುಸಿಯುತ್ತಾ ಹೋಯಿತು. ಅವರಿಗೆ ಮಾತ್ರ ಅಷ್ಟೇನೂ ಕೆಟ್ಟಿಲ್ಲ ಅನ್ನಿಸುತ್ತಿತ್ತು. ‘ನನಗೆ ಐದು ಗಂಟೆ ಸಾಕು’ ಎನ್ನುವವರು ಇಲ್ಲೂ ಇದ್ದೀರಿ, ಆಕಳಿಕೆ ಕಾಣಿಸುತ್ತಿದೆ. ಕಾಫಿ: ಸಂಜೆ ಐದಕ್ಕೆ ಕುಡಿದರೆ ಅದರ ಕೆಫೀನ್ ಸುಮಾರು ಅರ್ಧದಷ್ಟು ರಾತ್ರಿ ಹತ್ತಕ್ಕೂ ಮೈಯಲ್ಲೇ ಇರುತ್ತೆ. ಇನ್ನು, ವಾರಗಟ್ಟಲೆ ಮಂಕು, ಮರೆವು ಇದ್ದರೆ ಪಟ್ಟಿ ಬರೆಯುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಥೈರಾಯ್ಡ್, ಬಿ12 ಕೊರತೆ, ಖಿನ್ನತೆ, ಏನು ಬೇಕಾದರೂ ಇರಬಹುದು.

ನಡಿಗೆಯ ಬಗ್ಗೆ ಎರಡು ಪುಟ ಬರೆದು ತಂದಿದ್ದೆ, ಇರಲಿ. ಇನ್ನೆರಡು ನಿಮಿಷ ಇದೆಯಂತೆ. ನಿಮ್ಮ ಕೈಯಲ್ಲಿರುವ ಆಮಂತ್ರಣ ಪತ್ರ ತಿರುಗಿಸಿ, ಹಿಂದೆ ಖಾಲಿ ಇದೆ. ತಲೆಯಲ್ಲಿ ಇರುವುದನ್ನು ಬರೆಯಿರಿ. ಯಾರೂ ನೋಡುವುದಿಲ್ಲ. ಪೆನ್ ಇಲ್ಲದವರು ಪಕ್ಕದವರ ಹತ್ತಿರ ತಗೊಳ್ಳಿ. ಹೋಗುವಾಗ ವಾಪಸ್ ಕೊಟ್ಟು ಹೋಗಿ, ಇಲ್ಲದಿದ್ದರೆ ರಾತ್ರಿ ಎರಡು ಗಂಟೆಗೆ ‘ಆ ವಿಷಯ’ ಅಂತ ಬರೆಯುತ್ತಾ ಕೂತಿರುತ್ತೀರಿ.