ನಿಮ್ಮ ವೋಟು ಎಲ್ಲಿ ತಪ್ಪಿಹೋಗುತ್ತದೆ? ಕರಾವಳಿಯ ಲೆಕ್ಕ

[ದೃಶ್ಯ: ಬೆಳಗಿನ ಜಾವ, ಬಿಜೈ ಬಸ್ ನಿಲ್ದಾಣ. ಬೆಂಗಳೂರಿನ ಬಸ್ಸಿನಿಂದ ಬ್ಯಾಗು ಹಿಡಿದು ಇಳಿಯುತ್ತಿರುವ ಜನ]

ನಮಸ್ಕಾರ. 2024ರ ಲೋಕಸಭಾ ಚುನಾವಣೆಯಲ್ಲಿ ಉಡುಪಿ ಜಿಲ್ಲೆಯ ಜನ ಎರಡು ಬೇರೆ ಬೇರೆ ದಿನ ವೋಟು ಹಾಕಿದರು. ಕುಂದಾಪುರ, ಉಡುಪಿ, ಕಾಪು, ಕಾರ್ಕಳದವರಿಗೆ ಏಪ್ರಿಲ್ 26, ಬೈಂದೂರಿನವರಿಗೆ ಮೇ 7. ಬೈಂದೂರು ಇರುವುದು ಉಡುಪಿ ಜಿಲ್ಲೆಯಲ್ಲಿ, ಲೋಕಸಭೆಗೆ ಮಾತ್ರ ಶಿವಮೊಗ್ಗದ ಪಾಲು. ಬೆಂಗಳೂರಿನಲ್ಲಿ ದುಡಿಯುವ ಬೈಂದೂರಿನ ಹುಡುಗನಿಗೆ ಶುಕ್ರವಾರ ಊರಿಡೀ ರಜೆ, ಆದರೆ ಅವನ ವೋಟು ಇದ್ದದ್ದು ಹನ್ನೊಂದು ದಿನ ಕಳೆದು ಬಂದ ಮಂಗಳವಾರ.

ವೋಟು ಹಾಕದವರನ್ನು ಸೋಮಾರಿಗಳು ಎಂದು ಬೈಯುವುದು ಸುಲಭ. ಆದರೆ ನಮ್ಮ ಕರಾವಳಿಯಲ್ಲಿ ತಪ್ಪಿದ ವೋಟುಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ, ಎಷ್ಟೋ ವೋಟು ಮತದಾನದ ದಿನ ತಪ್ಪಿದ್ದೇ ಅಲ್ಲ. ತಿಂಗಳುಗಳ ಮೊದಲೇ, ಪಟ್ಟಿಯಲ್ಲೇ ತಪ್ಪಿರುತ್ತವೆ.

ಆ ಚುನಾವಣೆಯಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ-ಚಿಕ್ಕಮಗಳೂರು ಎರಡೂ ಕ್ಷೇತ್ರಗಳಲ್ಲಿ ಮತದಾನ ಶೇ 77 ದಾಟಿತ್ತು. ಬೆಂಗಳೂರು ದಕ್ಷಿಣದಲ್ಲಿ ಶೇ 53ರ ಆಸುಪಾಸು. ಹಾಗಾದರೆ ನಮ್ಮ ಉಳಿದ 23 ಮಂದಿ ಎಲ್ಲಿ? ಈ ಶೇಕಡಾವಾರನ್ನು ಲೆಕ್ಕ ಹಾಕುವುದು ಪಟ್ಟಿಯಲ್ಲಿರುವ ಹೆಸರುಗಳ ಮೇಲೆ. ತೀರಿಹೋದ ಅಜ್ಜಿಯ ಹೆಸರು, ಮದುವೆಯಾಗಿ ಬೇರೆ ಊರಿಗೆ ಹೋದ ಮಗಳ ಹೆಸರು, ದುಬೈಯಲ್ಲಿರುವ ಮಗನ ಹೆಸರು, ಯಾವುದನ್ನೂ ತೆಗೆಸದಿದ್ದರೆ ಎಲ್ಲವೂ ಆ 23ರ ಒಳಗೇ ಬರುತ್ತವೆ.

[ದೃಶ್ಯ: ಮತದಾರರ ಪಟ್ಟಿಯ ಒಂದು ಪುಟ, ಕ್ರಮಸಂಖ್ಯೆಯ ಮೇಲೆ ಬೆರಳು]

ಈಗ ಪಟ್ಟಿಯ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿಯೇ ಹೋಗೋಣ.

ಮೊದಲ ಬಾರಿ ಹೆಸರು ಸೇರಿಸಲು ಫಾರಂ 6. ಹಿಂದೆ ಜನವರಿ 1ಕ್ಕೆ 18 ತುಂಬಿರಬೇಕಿತ್ತು, ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಒಂದನೇ ತಾರೀಕು, ಹೀಗೆ ವರ್ಷಕ್ಕೆ ನಾಲ್ಕು ಅವಕಾಶ ಉಂಟು. 17 ತುಂಬಿದವರು ಮುಂಗಡವಾಗಿ ಅರ್ಜಿ ಕೊಡಬಹುದು. ಹೆಸರು ತೆಗೆಸಲು ಫಾರಂ 7. ವಿಳಾಸ ಬದಲಾವಣೆ, ಹೆಸರಿನ ತಿದ್ದುಪಡಿ, ಹೊಸ ಕಾರ್ಡು, ಇವಕ್ಕೆಲ್ಲ ಫಾರಂ 8.

ಎಡವಟ್ಟು ಆಗುವುದು 6 ಮತ್ತು 8ರ ನಡುವೆ. ಕಾಪುವಿನಿಂದ ಸುರತ್ಕಲ್‌ಗೆ ಮನೆ ಬದಲಿಸಿದಿರಿ ಎಂದುಕೊಳ್ಳಿ. ದೂರ ಹೆಚ್ಚಿಲ್ಲ, ಅದೇ ಹೆದ್ದಾರಿ. ಆದರೆ ವಿಧಾನಸಭಾ ಕ್ಷೇತ್ರ ಬೇರೆ, ಲೋಕಸಭಾ ಕ್ಷೇತ್ರವೂ ಬೇರೆ. ನೀವು ತುಂಬಬೇಕಾದದ್ದು ಫಾರಂ 8, ಆಗ ಹಳೆಯ ಕಡೆಯ ಹೆಸರು ಹೋಗಿ ಹೊಸ ಕಡೆ ಬರುತ್ತದೆ. ಗೊತ್ತಿಲ್ಲದೆ ಫಾರಂ 6 ಹಾಕಿದರೆ ಎರಡೂ ಕಡೆ ಹೆಸರು ನಿಲ್ಲುವ ಸಂಭವ ಉಂಟು. ಎರಡು ಕಡೆ ಹೆಸರು ಇರುವುದನ್ನು ಕಾನೂನು ಒಪ್ಪುವುದಿಲ್ಲ. ಅರ್ಜಿಯಲ್ಲಿ ಬೇಕೆಂದೇ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಆಗಬಹುದು.

ಇನ್ನು ಮುಂಬೈಯವರು. ಊರಿನಲ್ಲಿ ತರವಾಡು ಮನೆ ಉಂಟು, ನೇಮ, ತಂಬಿಲಕ್ಕೆ ವರ್ಷಕ್ಕೊಮ್ಮೆ ಬರುತ್ತೇವೆ, ವೋಟು ಇಲ್ಲೇ ಇರಲಿ ಎನ್ನುವುದು ಸಹಜವಾದ ಆಸೆ. ಆದರೆ 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಒಂದು ಕಡೆ ಮನೆ ಇದ್ದ ಮಾತ್ರಕ್ಕೆ ಅಲ್ಲಿನ ನಿವಾಸಿ ಆಗುವುದಿಲ್ಲ. ಸಾಮಾನ್ಯವಾಗಿ ಎಲ್ಲಿ ವಾಸವೋ ಅಲ್ಲೇ ವೋಟು. ತಾತ್ಕಾಲಿಕವಾಗಿ ಊರು ಬಿಟ್ಟವರ ಹೆಸರನ್ನು ಅಷ್ಟಕ್ಕೇ ತೆಗೆಯುವಂತಿಲ್ಲ ಎಂಬುದೂ ಅದೇ ಸೆಕ್ಷನ್ನಿನಲ್ಲಿ ಉಂಟು.

ಗಲ್ಫಿನಲ್ಲಿರುವವರಿಗೆ ಬೇರೆಯೇ ದಾರಿ, ಫಾರಂ 6ಎ. ಭಾರತದ ಪೌರತ್ವ ಇರಬೇಕು. ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸವೇ ನಿಮ್ಮ ಕ್ಷೇತ್ರ. ಇದರಲ್ಲಿ ವೋಟರ್ ಕಾರ್ಡು ಕೊಡುವುದಿಲ್ಲ, ಬೂತಿನಲ್ಲಿ ಅಸಲು ಪಾಸ್‌ಪೋರ್ಟ್ ತೋರಿಸಬೇಕು. ಮುಖ್ಯವಾಗಿ, ನೀವೇ ಬರಬೇಕು. ಅಂಚೆಯಲ್ಲಿ ಕಳುಹಿಸುವ ಅವಕಾಶ ಅವರಿಗಿಲ್ಲ, ಆನ್‌ಲೈನ್ ಮತದಾನ ಅಂತೂ ಇಲ್ಲವೇ ಇಲ್ಲ. ಒಂದು ವೋಟಿಗೆ ಒಂದು ವಿಮಾನ ಟಿಕೆಟ್. ಅದನ್ನು ಖರ್ಚು ಮಾಡದವನನ್ನು ಬೇಜವಾಬ್ದಾರಿ ಎನ್ನಲು ನಮಗೆ ಮನಸ್ಸು ಬರುವುದಿಲ್ಲ.

ಮಲ್ಪೆ ಬಂದರು, ಮಂಗಳೂರಿನ ಧಕ್ಕೆಯಲ್ಲೂ ಇದೇ ಕಥೆ. ಮೀನುಗಾರಿಕೆ ನಿಷೇಧ ಶುರುವಾಗುವುದು ಜೂನ್ 1ಕ್ಕೆ. ಚುನಾವಣೆ ಬರುವುದು ಏಪ್ರಿಲ್, ಮೇಯಲ್ಲಿ. ಆಳಸಮುದ್ರಕ್ಕೆ ಹೋದ ಬೋಟು ಎಷ್ಟೋ ದಿನ ಕಳೆದೇ ತಿರುಗಿ ಬರುವುದು. ಬೋಟಿನವರಿಗೆ ಅಂಚೆ ಮತ ಇಲ್ಲ. ದಿನಗೂಲಿಯವರಿಗೂ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು ಎಂಬ ಕಾನೂನು ಇರುವುದು ನಿಜ. ಆದರೆ ಒಂದು ದಿನದ ರಜೆ ನಡುಸಮುದ್ರದಲ್ಲಿ ಏನಕ್ಕೆ ಬಂತು? ಕೊಡದ ಮಾಲೀಕರಿಗೆ ಕಾಯ್ದೆಯಲ್ಲಿರುವ ದಂಡ ಹೆಚ್ಚೆಂದರೆ 500 ರೂಪಾಯಿ. ಇದು ಬದಲಾಗಲೇಬೇಕು.

[ದೃಶ್ಯ: ಸರ್ಕಾರಿ ಶಾಲೆಯ ಜಗಲಿ, ಬೆಳಿಗ್ಗೆ ಏಳು ಗಂಟೆ, ಉದ್ದದ ಸಾಲು]

ಬೂತಿಗೆ ಬರೋಣ. ಮತದಾನ ಶುರುವಾಗುವ ಒಂದೂವರೆ ಗಂಟೆ ಮೊದಲು ಪಕ್ಷಗಳ ಏಜೆಂಟರ ಎದುರು ಅಣಕು ಮತದಾನ, ಕನಿಷ್ಠ 50 ವೋಟು. ಲೆಕ್ಕ ಸರಿ ಬಂದ ಮೇಲೆ ಯಂತ್ರದಿಂದ ಅದನ್ನು ಅಳಿಸಿ, ವಿವಿಪ್ಯಾಟ್‌ನಲ್ಲಿ (ಹಾಕಿದ ವೋಟನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ಯಂತ್ರ) ಬಿದ್ದ ಚೀಟಿಗಳನ್ನು ಹೊರತೆಗೆದು, ಸೀಲ್ ಮಾಡುತ್ತಾರೆ.

ಒಳಗೆ ಮೊದಲನೆಯ ಅಧಿಕಾರಿ ನಿಮ್ಮ ಹೆಸರು, ಗುರುತು ನೋಡುತ್ತಾರೆ. ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ (ಮೈಸೂರಿನಲ್ಲೇ ತಯಾರಾಗುವ ಶಾಯಿ), 17ಎ ಎಂಬ ರಿಜಿಸ್ಟರಿನಲ್ಲಿ ಸಹಿ ಹಾಕಿಸಿ ಚೀಟಿ ಕೊಡುತ್ತಾರೆ. ಮೂರನೆಯವರು ಚೀಟಿ ಪಡೆದು ಕಂಟ್ರೋಲ್ ಯೂನಿಟ್‌ನ ಬಟನ್ ಒತ್ತುತ್ತಾರೆ. ಆಮೇಲೆ ಮಾತ್ರ ನಿಮ್ಮ ಮುಂದಿನ ಯಂತ್ರ ಸಿದ್ಧ. ನೀಲಿ ಬಟನ್ ಒತ್ತಿ, ಕೆಂಪು ದೀಪ ನೋಡಿ, ಪಕ್ಕದ ಗಾಜಿನ ಕಿಂಡಿಯಲ್ಲಿ ಚೀಟಿ ನೋಡಿ. 7 ಸೆಕೆಂಡು ಕಾಣಿಸುತ್ತದೆ. ಬೀಪ್ ಕೇಳುವ ತನಕ ಅಲ್ಲೇ ನಿಲ್ಲಿ. ಒತ್ತಿದ್ದೇ ಒಂದು, ಚೀಟಿಯಲ್ಲಿ ಬಂದದ್ದೇ ಇನ್ನೊಂದು ಎನಿಸಿದರೆ ಅಲ್ಲಿಯೇ ಅಧಿಕಾರಿಗೆ ಹೇಳಿ. ಲಿಖಿತ ಘೋಷಣೆ ಪಡೆದು ಪರೀಕ್ಷಾ ಮತ ಹಾಕಿಸುವ ನಿಯಮ ಉಂಟು.

ಒಂದು ಬೂತಿನಲ್ಲಿ 1,200 ಹೆಸರು, ಅದರಲ್ಲಿ ಶೇ 77 ಬಂದರೆ 924 ಜನ. ಬೆಳಿಗ್ಗೆ 7ರಿಂದ ಸಂಜೆ 6ರ ತನಕ 660 ನಿಮಿಷ. ಒಬ್ಬರಿಗೆ ಸಿಗುವುದು ಸುಮಾರು 43 ಸೆಕೆಂಡು. ಏಪ್ರಿಲ್ ಕೊನೆಯ ಸೆಕೆಗೆ ಹೆದರಿ ಎಲ್ಲರೂ ಹತ್ತು ಗಂಟೆಯ ಒಳಗೆ ಬಂದರೆ ಸಾಲು ಗೇಟಿನಿಂದ ಹೊರಗೆ ಹೋಗದೆ ಏನು ಮಾಡೀತು? ಅಂಥ ಹೊತ್ತಿನಲ್ಲಿ ಒಬ್ಬರು ಮೊಬೈಲ್ ತಂದು ಗಲಾಟೆಯಾದರೂ ಹಿಂದಿನ ಇಪ್ಪತ್ತು ಮಂದಿಗೆ ಬಿಸಿಲು. ಮೊಬೈಲ್ ಮನೆಯಲ್ಲೇ ಇರಲಿ.

ವೋಟರ್ ಕಾರ್ಡು ಕಳೆದಿದ್ದರೆ ಆಧಾರ್, ಪಾಸ್‌ಪೋರ್ಟ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್, ಉದ್ಯೋಗ ಖಾತರಿ ಕಾರ್ಡು ಆಗುತ್ತದೆ. ಮನೆಗೆ ತಂದುಕೊಡುವ ವೋಟರ್ ಸ್ಲಿಪ್ ಒಂದೇ ಆದರೆ ಆಗುವುದಿಲ್ಲ. ಕಾರ್ಡು ಇದ್ದೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಯಾರಿಂದಲೂ ವೋಟು ಹಾಕಿಸಲು ಸಾಧ್ಯವಿಲ್ಲ, ಅಲ್ಲಿ ಜಗಳ ಮಾಡಿ ಪ್ರಯೋಜನವಿಲ್ಲ.

ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಆಗಲೇ ವೋಟು ಹಾಕಿದ್ದರೆ? ಸುಮ್ಮನೆ ಮನೆಗೆ ಹೋಗಬೇಡಿ. ನೀವೇ ಆ ಮತದಾರ ಎಂದು ಸಾಬೀತು ಮಾಡಿ ಟೆಂಡರ್ಡ್ ವೋಟ್ ಕೇಳಿ. ಅದು ಯಂತ್ರದಲ್ಲಲ್ಲ, ಕಾಗದದ ಮತಪತ್ರದಲ್ಲಿ. ಸಾಮಾನ್ಯ ಎಣಿಕೆಗೆ ಅದು ಸೇರುವುದಿಲ್ಲ, ಆದರೆ ಮುಂದೆ ಫಲಿತಾಂಶ ಕೋರ್ಟಿಗೆ ಹೋದರೆ ದಾಖಲೆಯಾಗಿ ಉಳಿಯುತ್ತದೆ.

ಮನೆಯಲ್ಲಿ ಹಿರಿಯರಿದ್ದರೆ ಇನ್ನೊಂದು ಮಾತು. 85 ದಾಟಿದವರು ಮತ್ತು ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು ಮನೆಯಿಂದಲೇ ವೋಟು ಹಾಕಬಹುದು, ಫಾರಂ 12ಡಿ. ಅಧಿಸೂಚನೆ ಹೊರಟ ಐದು ದಿನದೊಳಗೆ ಕೊಡಬೇಕು. ಒಮ್ಮೆ ಮಂಜೂರಾದ ಮೇಲೆ ಬೂತಿನಲ್ಲಿ ವೋಟು ಇಲ್ಲ. ಹಾಗಾಗಿ ಅಧಿಕಾರಿಗಳು ಬರುವ ದಿನ ಅಜ್ಜನನ್ನು ಆಸ್ಪತ್ರೆಗೋ ಮದುವೆಗೋ ಕರೆದುಕೊಂಡು ಹೋಗಬೇಡಿ.

[ದೃಶ್ಯ: ಮತಯಂತ್ರದ ಕೊನೆಯ ಸಾಲು]

ಇನ್ನು ಎಲ್ಲ ಸರಿ ಇದ್ದೂ ಬರದವರು. ಅವರಲ್ಲಿ ಕೆಲವರಿಗೆ ಯಾರೂ ಒಪ್ಪಿಗೆಯಾಗಿರುವುದಿಲ್ಲ. ಸುಪ್ರೀಂ ಕೋರ್ಟಿನ 2013ರ ತೀರ್ಪಿನಿಂದ ನೋಟಾ, ಅಂದರೆ ‘ಮೇಲಿನ ಯಾರೂ ಅಲ್ಲ’ ಎಂಬ ಆಯ್ಕೆ ಬಂತು. 2024ರಲ್ಲಿ ದಕ್ಷಿಣ ಕನ್ನಡದಲ್ಲಿ 23 ಸಾವಿರಕ್ಕೂ ಹೆಚ್ಚು ನೋಟಾ ಬಿತ್ತು. ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ನೋಟಾ ಎಷ್ಟೇ ಬಿದ್ದರೂ ಅಭ್ಯರ್ಥಿಗಳಲ್ಲಿ ಮುಂದಿರುವವರೇ ಗೆಲ್ಲುತ್ತಾರೆ. ಹಾಗಿದ್ದರೂ ಮನೆಯಲ್ಲಿ ಕುಳಿತವನ ಸಿಟ್ಟಿಗಿಂತ ನೋಟಾ ಮೇಲು. ಮನೆಯಲ್ಲಿ ಉಳಿದವನನ್ನು ಗಲ್ಫಿನವನಿಂದ, ತೀರಿಹೋದವನಿಂದ ಬೇರ್ಪಡಿಸಿ ನೋಡಲು ಯಾವ ಲೆಕ್ಕಕ್ಕೂ ಆಗುವುದಿಲ್ಲ. ನೋಟಾ ಅಂಕಿಯಾಗಿ ಉಳಿಯುತ್ತದೆ.

ಇನ್ನು ಕೆಲವರು ಹೇಳುವುದು, ಅಂತರ ಲಕ್ಷ ದಾಟುತ್ತದೆ, ನನ್ನೊಂದರಿಂದ ಎಂತ ಆಗುತ್ತದೆ ಎಂದು. ಲೋಕಸಭೆಯ ಮಟ್ಟಿಗೆ ಆ ಲೆಕ್ಕ ತಪ್ಪಲ್ಲ. ಆದರೆ ಪಂಚಾಯಿತಿಯಲ್ಲಿ 400 ಜನಸಂಖ್ಯೆಗೆ ಒಬ್ಬ ಸದಸ್ಯ. ಮಕ್ಕಳನ್ನು ಬಿಟ್ಟರೆ ಉಳಿಯುವ ವೋಟು ಎಷ್ಟು? ಅಲ್ಲಿ ನಿಮ್ಮ ಮನೆಯ ನಾಲ್ಕು ವೋಟು ಹತ್ತಿರಹತ್ತಿರ ಶೇಕಡಾ ಒಂದೂವರೆ. ಮನೆಗೆ ಬರುವ ನೀರು, ಗದ್ದೆ ಬದಿಯ ರಸ್ತೆ ತೀರ್ಮಾನವಾಗುವುದೂ ಅಲ್ಲೇ.

ಸಂಜೆ ಆರಕ್ಕೆ ಬಾಗಿಲು ಹಾಕುತ್ತಾರೆ ಎಂದು ಐದೂವರೆಗೇ ಆಸೆ ಬಿಡಬೇಡಿ. ಆರು ಗಂಟೆಗೆ ಸಾಲಿನಲ್ಲಿದ್ದವರಿಗೆಲ್ಲ ಚೀಟಿ ಕೊಡುತ್ತಾರೆ, ಅದೂ ಕೊನೆಯಲ್ಲಿ ನಿಂತವರಿಂದ ಶುರುಮಾಡಿ, ಹಿಂದಿನಿಂದ ಹೊಸಬರು ಸೇರದ ಹಾಗೆ. ಚೀಟಿ ಕೈಯಲ್ಲಿದ್ದರೆ ರಾತ್ರಿಯಾದರೂ ನಿಮ್ಮ ವೋಟು ಹಾಕಿಸಿಯೇ ಯಂತ್ರ ಮುಚ್ಚುತ್ತಾರೆ. ಪಟ್ಟಿಯಲ್ಲಿ ಹೆಸರು ಉಂಟೋ ಇಲ್ಲವೋ ನೋಡಲು ಮಾತ್ರ ಆ ದಿನದ ತನಕ ಕಾಯಬೇಡಿ. ಸಹಾಯವಾಣಿ 1950.