ಬೀಗದ ಕೈ ಊರಿನವರ ಬಳಿ ಇರಲಿ: ಆರ್ಕ್ಟಿಕ್ ಕಡಲಿಗೆ ಎಣ್ಣೆ ಚೆಲ್ಲಿದರೆ

ನಮಸ್ಕಾರ. ಇವತ್ತು ಅಮೆರಿಕದ ಅಲಾಸ್ಕಾ ರಾಜ್ಯದ ಮಾತು.

1989ರ ಮಾರ್ಚ್ 24, ನಡುರಾತ್ರಿ ದಾಟಿ ನಾಲ್ಕು ನಿಮಿಷ. ವಾಲ್ಡೀಜ್ ಬಂದರಿನಿಂದ ಕಚ್ಚಾ ತೈಲ ತುಂಬಿಕೊಂಡು ಹೊರಟ ಎಕ್ಸಾನ್ ವಾಲ್ಡೀಜ್ ಹಡಗು ಬ್ಲೈ ರೀಫ್ ಅನ್ನೋ ಬಂಡೆಸಾಲಿಗೆ ಬಡಿಯಿತು. ಸುಮಾರು 4 ಕೋಟಿ ಲೀಟರ್ ಎಣ್ಣೆ ನೀರಿಗೆ ಹೋಯಿತು. ಹೀಗಾದರೆ ಐದು ಗಂಟೆಯೊಳಗೆ ಎಣ್ಣೆ ತಡೆಯುವ ಸಾಮಗ್ರಿ ಸ್ಥಳಕ್ಕೆ ಮುಟ್ಟಬೇಕು ಅಂತ ತುರ್ತು ಯೋಜನೆಯಲ್ಲಿ ಬರೆದಿತ್ತು. ಅದನ್ನು ಒಯ್ಯಬೇಕಾದ ಬಾರ್ಜ್, ಅಂದರೆ ಸರಕು ಹೇರುವ ಚಪ್ಪಟೆ ದೋಣಿ, ರಿಪೇರಿಗೆ ಅಂತ ಖಾಲಿಯಾಗಿ ನಿಂತಿತ್ತು. ಎಣ್ಣೆ ಹರಡದ ಹಾಗೆ ನೀರಿನ ಮೇಲೆ ಬೇಲಿಯಂತೆ ಎಳೆಯುವ ಬೂಮ್ ಹಿಮದಡಿ ಹೂತುಹೋಗಿತ್ತು. ಅಗೆದು ತೆಗೆದು, ಹೇರಿ, ಹೊರಟು ಮುಟ್ಟುವಾಗ ಸುಮಾರು 14 ಗಂಟೆ ಕಳೆದಿತ್ತು.

ಹವೆ ಹೇಗಿತ್ತು ಗೊತ್ತಾ? ಮೊದಲ ಮೂರು ದಿನ ಕಡಲು ಶಾಂತವಾಗಿತ್ತು. ಏನಾದರೂ ಮಾಡಬಹುದಾಗಿದ್ದದ್ದು ಆಗಲೇ. ಮೂರನೇ ದಿನ ಸಂಜೆ ಬಿರುಗಾಳಿ ಎದ್ದಿತು. ಆಮೇಲೆ ಎಣ್ಣೆ ಯಾರ ಕೈಗೂ ಸಿಗಲಿಲ್ಲ. ಕೊನೆಗೆ 2,000 ಕಿಲೋಮೀಟರಿಗೂ ಹೆಚ್ಚು ಉದ್ದದ ತೀರಕ್ಕೆ ಅದು ಮೆತ್ತಿಕೊಂಡಿತು.

ಆ ದಿನಗಳಲ್ಲಿ ಕಾರ್ಡೋವಾ ಅನ್ನೋ ಊರಿನ ಮೀನುಗಾರರು ಯಾರ ಅಪ್ಪಣೆಗೂ ಕಾಯಲಿಲ್ಲ. ತಮ್ಮದೇ ದೋಣಿ ತಗೊಂಡು ಹೋದರು. ಕೆಲವರು ಬಕೆಟ್ಟಿನಲ್ಲಿ ಎಣ್ಣೆ ಮೊಗೆದರು. ಸಾಮಿಲ್ ಕೊಲ್ಲಿಯಲ್ಲಿ ಸಾಲ್ಮನ್ ಮೀನಿನ ಮರಿ ಸಾಕುವ ಕೇಂದ್ರ ಇತ್ತು. ಅದರ ಬಾಯಿಗೆ ಬೂಮ್ ಎಳೆದು, ಹಗಲೂ ರಾತ್ರಿ ಕಾದು, ಉಳಿಸಿಕೊಂಡರು. ಯಾವ ಕೊಲ್ಲಿಯಲ್ಲಿ ಸೆಳೆತ ಯಾವ ಹೊತ್ತಿಗೆ ತಿರುಗುತ್ತೆ ಅಂತ ಅವರಿಗೆ ನಕ್ಷೆ ನೋಡಿ ತಿಳಿಯಬೇಕಾಗಿರಲಿಲ್ಲ.

ಅದರ ಮುಂದಿನ ವರ್ಷ, 1990ರಲ್ಲಿ, ಅಮೆರಿಕ ತೈಲ ಮಾಲಿನ್ಯ ಕಾಯ್ದೆ ತಂದಿತು. ಈಗ ಆ ಭಾಗದಲ್ಲಿ ತೈಲ ಕಂಪನಿಗಳ ದುಡ್ಡಿನಲ್ಲೇ ನಡೆಯುವ, ಆದರೆ ಕಂಪನಿಗಳ ಹಿಡಿತದಲ್ಲಿಲ್ಲದ ನಾಗರಿಕರ ಮಂಡಳಿ ಇದೆ. ಎಣ್ಣೆ ತುಂಬಿ ಹೊರಡುವ ಪ್ರತಿ ಟ್ಯಾಂಕರಿನ ಜೊತೆ ಎರಡು ಟಗ್, ಅಂದರೆ ದೊಡ್ಡ ಹಡಗನ್ನು ಎಳೆಯಬಲ್ಲ ದೋಣಿ, ಹೋಗ್ತವೆ. 400ಕ್ಕೂ ಹೆಚ್ಚು ಮೀನುಗಾರಿಕೆ ದೋಣಿಗಳು ಕರಾರಿನಲ್ಲಿವೆ. ಅವರಿಗೆ ಪ್ರತಿ ವರ್ಷ ತರಬೇತಿ ಇದೆ, ಅದಕ್ಕೆ ಸಂಬಳವೂ ಇದೆ. ಅಂದರೆ ದಾರಿ ಗೊತ್ತಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ.

ಈಗ ಅದೇ ರಾಜ್ಯದ ಉತ್ತರ ತುದಿಗೆ ಬನ್ನಿ. ಉಟ್ಕಿಯಾಗ್ವಿಕ್. ಮೊದಲು ಬ್ಯಾರೋ ಅಂತಿದ್ದರು. ಸುಮಾರು ಐದು ಸಾವಿರ ಜನ, ಹೆಚ್ಚಿನವರು ಇನುಪಿಯಾಟ್ ಮೂಲನಿವಾಸಿಗಳು. ಹೊರಗಿನಿಂದ ರಸ್ತೆ ಇಲ್ಲ. ದೊಡ್ಡ ಹಡಗು ನಿಲ್ಲುವಷ್ಟು ಆಳದ ಬಂದರು ಇಲ್ಲ. ನವೆಂಬರ್ ನಡುವಿನಲ್ಲಿ ಮುಳುಗಿದ ಸೂರ್ಯ ಮತ್ತೆ ಕಾಣೋದು ಜನವರಿ ಕೊನೆಯ ಹೊತ್ತಿಗೆ. ಕೋಸ್ಟ್ ಗಾರ್ಡಿನ ದೊಡ್ಡ ವಿಮಾನ ನೆಲೆ ಇರೋದು ಅಲಾಸ್ಕಾದ ದಕ್ಷಿಣದ ಕೋಡಿಯಾಕ್‌ನಲ್ಲಿ, ಸುಮಾರು 1,500 ಕಿಲೋಮೀಟರ್ ದೂರ. 1990ರ ಕಾಯ್ದೆ ಕೊಟ್ಟ ಆ ನಾಗರಿಕರ ಮಂಡಳಿ ಈ ಆರ್ಕ್ಟಿಕ್ ತೀರಕ್ಕೆ ಇವತ್ತಿಗೂ ಇಲ್ಲ.

ಇಲ್ಲಿ ಎಣ್ಣೆ ಚೆಲ್ಲಿದರೆ ಏನಾಗುತ್ತೆ ಅನ್ನೋದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ. 1974-75ರ ಚಳಿಗಾಲದಲ್ಲಿ ಕೆನಡಾದ ವಿಜ್ಞಾನಿಗಳು, ಅಲಾಸ್ಕಾ ಮತ್ತು ಕೆನಡಾದ ಉತ್ತರಕ್ಕಿರುವ ಬ್ಯೂಫೋರ್ಟ್ ಸಮುದ್ರದ ಒಂದು ಕೊಲ್ಲಿಯಲ್ಲಿ ಮಂಜುಗಡ್ಡೆಯ ಕೆಳಗೆ ಬೇಕೆಂದೇ ಕಚ್ಚಾ ತೈಲ ಬಿಟ್ಟು ನೋಡಿದ್ದರು. ಎಣ್ಣೆ ಮಂಜಿನ ಅಡಿಯ ಹಳ್ಳತಿಟ್ಟುಗಳಲ್ಲಿ ಹೋಗಿ ನಿಲ್ಲುತ್ತೆ. ಚಳಿ ಬಿಡೋದಿಲ್ಲ, ಎಣ್ಣೆಯ ಕೆಳಗೆ ಇನ್ನೊಂದು ಪದರ ಹೆಪ್ಪುಗಟ್ಟುತ್ತೆ. ಹೋಳಿಗೆಯೊಳಗಿನ ಹೂರಣದ ಹಾಗೆ ಎಣ್ಣೆ ಮಧ್ಯೆ ಸಿಕ್ಕಿಕೊಳ್ಳುತ್ತೆ. ಮೇಲಿನಿಂದ ನೋಡಿದರೆ ಬರೀ ಬಿಳಿ. ಕಡಲ ನಡುವಿನ ಮಂಜಾದರೆ ಗಾಳಿ ತಳ್ಳಿದ ಕಡೆ ಸಾಗ್ತಾ ಇರುತ್ತೆ, ಒಳಗಿನ ಎಣ್ಣೆಯೂ ಅದರ ಜೊತೆಗೇ ಹೋಗುತ್ತೆ. ವಸಂತದಲ್ಲಿ ಬಿಸಿಲು ಬಿದ್ದಾಗ ಮಂಜಿನೊಳಗಿನ ಉಪ್ಪುನೀರಿನ ಸಣ್ಣ ನಾಳಗಳ ಮೂಲಕ ಮೇಲೇರಿ, ಕರಗಿದ ನೀರಿನ ಹೊಂಡಗಳಲ್ಲಿ ಕಪ್ಪಗೆ ಕಾಣಿಸುತ್ತೆ. ಡಿಸೆಂಬರ್‌ನಲ್ಲಿ ಚೆಲ್ಲಿದ್ದು ಮೇ ತಿಂಗಳಲ್ಲಿ, ಬೇರೆ ಎಲ್ಲೋ, ತಿಮಿಂಗಿಲಗಳು ಬರುವ ಹೊತ್ತಿಗೆ ಸರಿಯಾಗಿ.

ಯಂತ್ರ ಇವೆಯಲ್ಲ ಅಂತೀರಾ? 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಬಾವಿ ಸೋರಿದಾಗ ಆರು ಸಾವಿರಕ್ಕೂ ಹೆಚ್ಚು ದೋಣಿ, ಹಡಗು ಇಳಿದಿದ್ದವು. ಬೆಚ್ಚಗಿನ ನೀರು, ಉದ್ದನೆಯ ಹಗಲು, ಪಕ್ಕದಲ್ಲೇ ಬಂದರುಗಳು. ಆದರೂ ನೀರಿನ ಮೇಲಿಂದ ಸ್ಕಿಮ್ಮರ್ ಅನ್ನೋ ಎಣ್ಣೆ ಬಾಚುವ ಯಂತ್ರ ಬಳಸಿ ಎತ್ತಿದ್ದು ಸೋರಿದ್ದರಲ್ಲಿ ಸುಮಾರು ಶೇ. 3, ಸುಟ್ಟಿದ್ದು ಶೇ. 5. ಆರ್ಕ್ಟಿಕ್‌ನಲ್ಲಿ ಸುಡುವ ವಿಧಾನಕ್ಕೆ ಒಂದು ಅನುಕೂಲ ಇದೆ: ಮಂಜು ಎಣ್ಣೆಯನ್ನು ಹರಡದಂತೆ ಒತ್ತಿ ಹಿಡಿಯುತ್ತೆ, ಪದರ ದಪ್ಪ ಇದ್ದರೆ ಬೆಂಕಿ ಹತ್ತುತ್ತೆ. ಆದರೆ ಎಣ್ಣೆ ಇನ್ನೂ ಹೊಸತಾಗಿರುವಾಗಲೇ ಯಾರಾದರೂ ಅಲ್ಲಿಗೆ ತಲುಪಬೇಕು. ಮತ್ತೆ ಮೊದಲ ಗಂಟೆಗಳದ್ದೇ ಪ್ರಶ್ನೆ. ಆ ಗಂಟೆಗಳಲ್ಲಿ ಅಲ್ಲಿ ಇರೋದು ಊರಿನವರು ಮಾತ್ರ.

2015ರಲ್ಲಿ ಶೆಲ್ ಕಂಪನಿ ಅಲಾಸ್ಕಾದ ವಾಯುವ್ಯಕ್ಕಿರುವ ಚುಕ್ಚಿ ಸಮುದ್ರದಲ್ಲಿ ತೈಲಬಾವಿ ಕೊರೆಯೋದನ್ನ ಕೈಬಿಟ್ಟಾಗ ಅಪಾಯ ಹೋಯಿತು ಅಂದವರಿದ್ದರು. ನಾನು ಒಪ್ಪಲ್ಲ. ಹಡಗುಗಳು ಓಡಾಡ್ತಾನೇ ಇವೆ. ಅಲಾಸ್ಕಾ ಮತ್ತು ರಷ್ಯಾದ ನಡುವಿನ ಬೇರಿಂಗ್ ಜಲಸಂಧಿಯ ಅಗಲ ಸುಮಾರು 85 ಕಿಲೋಮೀಟರ್ ಅಷ್ಟೇ, ಅಲ್ಲಿಂದಲೇ ಎಲ್ಲ ಹಾಯಬೇಕು. 2023ರಲ್ಲಿ ರಷ್ಯಾ ಮಂಜಿಗೆ ತಕ್ಕಂತೆ ಬಲಪಡಿಸದ ತೈಲ ಟ್ಯಾಂಕರುಗಳನ್ನೂ ತನ್ನ ಉತ್ತರ ತೀರದ ಉದ್ದಕ್ಕೂ ಸಾಗುವ ಹಡಗು ಮಾರ್ಗದಲ್ಲಿ ಕಳಿಸಿತು. ಹಡಗುಗಳು ಉರಿಸುವ ದಪ್ಪ ಇಂಧನ ತೈಲಕ್ಕೆ 2024ರ ಜುಲೈ 1ರಿಂದ ಆರ್ಕ್ಟಿಕ್‌ನಲ್ಲಿ ನಿಷೇಧ ಬಂತು, ಸರಿ. ಆದರೆ ವಿನಾಯಿತಿಗಳು 2029ರವರೆಗೆ ಇವೆ. ಐದು ವರ್ಷ ಬಿಟ್ಟುಕೊಟ್ಟ ನಿಷೇಧ ನನಗೆ ಸಮಾಧಾನ ಕೊಡಲ್ಲ.

2004ರ ಡಿಸೆಂಬರ್‌ನಲ್ಲಿ ಸೆಲೆಂಡಾಂಗ್ ಆಯು ಅನ್ನೋ ಸರಕು ಹಡಗು ಸೋಯಾಬೀನ್ ಹೇರಿಕೊಂಡು ಹೋಗ್ತಿತ್ತು. ಎಂಜಿನ್ ಕೆಟ್ಟು ತೇಲುತ್ತಾ ಬಂದು, ಅಲಾಸ್ಕಾದ ಉನಲಾಸ್ಕ ದ್ವೀಪದ ತೀರಕ್ಕೆ ಬಿದ್ದು ಎರಡು ಹೋಳಾಯಿತು, ಅದರ ಇಂಧನ ತೈಲ ಕಡಲಿಗೆ ಹೋಯಿತು. ಎತ್ತಲು ಬಂದ ಹೆಲಿಕಾಪ್ಟರಿಗೆ ಅಲೆ ಬಡಿದು, ಆರು ಜನ ನಾವಿಕರು ತೀರಿಕೊಂಡರು. ಕ್ಯಾಪ್ಟನ್ ನಮ್ಮ ದೇಶದವರು, ಸಿಬ್ಬಂದಿಯಲ್ಲೂ ಭಾರತೀಯರಿದ್ದರು. ಆ ಹಡಗನ್ನು ಹೊತ್ತಿಗೆ ಸರಿಯಾಗಿ ಹಿಡಿದು ಎಳೆದಿದ್ದರೆ ಜೀವವೂ ಉಳಿಯುತ್ತಿತ್ತು, ಕಡಲೂ ಉಳಿಯುತ್ತಿತ್ತು. 2007ರಲ್ಲಿ ಆ ಊರಿನ ಮೇಯರ್ ತಾವೇ ಎಲ್ಲರನ್ನೂ ಕರೆದು ಕೂರಿಸಿದರು. ಅದರಿಂದ ಒಂದು ತುರ್ತು ಎಳೆ-ಹಗ್ಗದ ವ್ಯವಸ್ಥೆ ಬಂತು: ಭಾರೀ ಹಗ್ಗ, ಅದನ್ನು ನೀರಿನ ಮೇಲೆ ತೇಲಿಸುವ ಬೋಯಿ, ಕಟ್ಟುವ ಸರಂಜಾಮು ಎಲ್ಲ ಒಟ್ಟಿಗೆ, ಹೆಲಿಕಾಪ್ಟರಿನಿಂದಲೂ ಹಡಗಿನ ಮೇಲೆ ಇಳಿಸಬಹುದು. ಅದು ಊರಲ್ಲೇ ಇದೆ. ದೂರದ ಕಚೇರಿಯಲ್ಲಿ ಹೊಳೆಯದ್ದು ಅಲ್ಲಿನವರಿಗೆ ಹೊಳೆಯಿತು, ಯಾಕಂದರೆ ಮುಂದಿನ ಹಡಗು ಬಂದು ಬೀಳೋದು ಅವರ ತೀರಕ್ಕೇ.

ಉಟ್ಕಿಯಾಗ್ವಿಕ್‌ಗೂ ಅಂಥದ್ದೇ ಬೇಕು ಅಂತ ನನ್ನ ವಾದ. ಬೂಮ್, ಸ್ಕಿಮ್ಮರ್, ಕೈಗವಸು, ಮುಖವಾಡ ಊರಲ್ಲೇ ಬೆಚ್ಚಗಿನ ಶೆಡ್ಡಿನಲ್ಲಿರಲಿ, ಬೀಗದ ಕೈ ಊರಿನವರ ಹತ್ತಿರ ಇರಲಿ. ಅಮೆರಿಕದ ನಿಯಮದಂತೆ ಸೋರಿದ ಎಣ್ಣೆ ಮುಟ್ಟಿ ಕೆಲಸ ಮಾಡೋರಿಗೆ ಸಾಮಾನ್ಯವಾಗಿ 24 ಅಥವಾ 40 ಗಂಟೆಯ ಸುರಕ್ಷತಾ ತರಬೇತಿ ಆಗಿರಬೇಕು, ವರ್ಷವರ್ಷ ಎಂಟು ಗಂಟೆ ಮತ್ತೆ ಮಾಡಬೇಕು. ಆ ತರಬೇತಿಯ ಕಾರ್ಡ್ ಇಲ್ಲದಿದ್ದರೆ, ಕಡಲನ್ನು ಹುಟ್ಟಿನಿಂದ ಬಲ್ಲ ಮನುಷ್ಯನನ್ನೂ ಆ ದಿನ ದಡದಲ್ಲಿ ನಿಲ್ಲಿಸಿಬಿಡ್ತಾರೆ. ಹಾಗಾಗಿ ತರಬೇತಿ ಈಗಲೇ ಕೊಡಿ, ಸಂಬಳ ಕೊಟ್ಟು ಕೊಡಿ, ಬೇಟೆಯ ಋತು ಬಿಟ್ಟು ಇಡಿ. ತಿಮಿಂಗಿಲ ಬೇಟೆಯ ಕಾಲದಲ್ಲಿ ಅಲ್ಲಿನವರು ರೇಡಿಯೋ ಕೇಂದ್ರ ನಡೆಸ್ತಾರೆ, ಯಾವ ದೋಣಿ ಎಲ್ಲಿದೆ, ಯಾವ ಹಡಗು ಹತ್ತಿರ ಬರ್ತಿದೆ ಎಲ್ಲ ಅವರಿಗೆ ಗೊತ್ತಿರುತ್ತೆ. ಇಷ್ಟು ಚೆನ್ನಾಗಿ ಕೂಡಿ ಕೆಲಸ ಮಾಡುವ ಜನರನ್ನು ಸಭೆಗೆ ಕರೆದು, ಅಭಿಪ್ರಾಯ ಬರೆದುಕೊಂಡು ಕಳಿಸಿಬಿಡೋದು ಅನ್ಯಾಯ.

ಇನ್ನೊಂದು ಮಾತು ನನ್ನ ಮನಸ್ಸಿಗೆ ತುಂಬ ಹತ್ತಿರದ್ದು: ಊಟ. ಒಂದು ಬೋಹೆಡ್ ತಿಮಿಂಗಿಲ ದಡಕ್ಕೆ ಬಂದರೆ ಊರೆಲ್ಲ ಸೇರಿ ಎಳೆಯುತ್ತೆ. ಮಕ್ತಾಕ್, ಅಂದರೆ ಅದರ ಚರ್ಮ ಮತ್ತು ಕೊಬ್ಬು, ಮನೆಮನೆಗೆ ಹಂಚಿಹೋಗುತ್ತೆ. ಉಳಿದದ್ದು ಹೆಪ್ಪುಗಟ್ಟಿದ ನೆಲದಲ್ಲಿ ತೋಡಿದ ನೆಲಮಾಳಿಗೆಗೆ. ಎಕ್ಸಾನ್ ವಾಲ್ಡೀಜ್ ಆದಮೇಲೆ ಅಲ್ಲಿನ ಮೂಲನಿವಾಸಿ ಹಳ್ಳಿಗಳಲ್ಲಿ ಜನ ಕಡಲಿನದ್ದು ತಿನ್ನೋದನ್ನೇ ಬಹಳ ಕಡಿಮೆ ಮಾಡಿದ್ದರು. ಹೊಟ್ಟೆಗೆ ಇಳಿಸಬಹುದಾ, ಮಕ್ಕಳಿಗೆ ಕೊಡಬಹುದಾ ಅನ್ನೋ ಭಯ. ಸೋರಿಕೆ ಆದ ಮಾರನೇ ದಿನ ಆ ಪ್ರಶ್ನೆಗೆ ಉತ್ತರ ಬೇಕಾದರೆ, ಎಣ್ಣೆ ಇಲ್ಲದ ಕಾಲದ ಮಾಂಸ, ಮೀನು, ನೀರಿನ ಮಾದರಿ ಇವತ್ತೇ ತೆಗೆದಿಟ್ಟಿರಬೇಕು. ಯಾವ ಅಜ್ಜಿ ಯಾವ ಭಾಗವನ್ನು ಹೇಗೆ ಅಡುಗೆ ಮಾಡ್ತಾರೆ ಅಂತ ತಿಳಿದವರು ಮಾದರಿ ತೆಗೆಯಬೇಕು. ಇದೂ ಸಿದ್ಧತೆಯೇ.

2013ರ ಮೇ 15, ಸ್ವೀಡನ್ನಿನ ಕಿರುನಾ. ಕಡಲಲ್ಲಿ ತೈಲ ಸೋರಿದರೆ ಪರಸ್ಪರ ನೆರವಾಗುವ ಒಪ್ಪಂದಕ್ಕೆ ಎಂಟು ಆರ್ಕ್ಟಿಕ್ ದೇಶಗಳು ಸಹಿ ಹಾಕಿದ್ದು ಅಲ್ಲೇ. ಆ ಎಂಟು ದೇಶಗಳು ಕೂಡುವ ವೇದಿಕೆಯಾದ ಆರ್ಕ್ಟಿಕ್ ಮಂಡಳಿಯಲ್ಲಿ ಭಾರತಕ್ಕೆ ವೀಕ್ಷಕ ಸ್ಥಾನ ಸಿಕ್ಕಿದ್ದೂ ಅದೇ ಸಭೆಯಲ್ಲಿ. ಸಹಿ ದೇಶಗಳದ್ದು, ಮೂಲನಿವಾಸಿ ಸಂಘಟನೆಗಳದ್ದಲ್ಲ. 2022ರ ಉಕ್ರೇನ್ ಯುದ್ಧದ ನಂತರ, ಆರ್ಕ್ಟಿಕ್ ತೀರದ ಸುಮಾರು ಅರ್ಧ ಇರುವ ರಷ್ಯಾದ ಜೊತೆ ಆ ಮಂಡಳಿಯ ಕೆಲಸವೂ ಕುಂಟುತ್ತಿದೆ. ಆ ಹೊತ್ತಿಗೇ ರಷ್ಯಾದ ಆರ್ಕ್ಟಿಕ್ ಕಚ್ಚಾ ತೈಲವನ್ನು ನಮ್ಮ ದೇಶದ ಸಂಸ್ಕರಣಾಗಾರಗಳು ಕೊಳ್ಳತೊಡಗಿದವು. ಆ ಮಂಡಳಿಯಲ್ಲಿ ತುರ್ತು ಸಿದ್ಧತೆಗೇ ಒಂದು ಕಾರ್ಯತಂಡ ಇದೆ, ವೀಕ್ಷಕ ದೇಶಗಳೂ ಅದರಲ್ಲಿ ಕೆಲಸ ಮಾಡಬಹುದು. ಆ ಎಣ್ಣೆ ಕೊಳ್ಳುವ ದೇಶ, ಅದು ಹಾದು ಬರುವ ತೀರದ ಹಳ್ಳಿಗಳ ತರಬೇತಿಗೆ ಆ ಕಾರ್ಯತಂಡದ ಮೂಲಕ ದುಡ್ಡು ಮತ್ತು ಜನ ಕೊಡಲಿ ಅಂತ ನಾನು ಕೇಳ್ತಿದ್ದೀನಿ.