ಗಿರಿಗಳ ಊರಿನಲ್ಲಿ

ಕೇಳುಗರಿಗೆಲ್ಲ ನಮಸ್ಕಾರ.

ನನ್ನ ತಮ್ಮನನ್ನು ಮನೆಯಲ್ಲಿ ಎಲ್ಲರೂ ಗಿರಿ ಅಂತಲೇ ಕರೆಯೋದು. ನಾವು ಸ್ಪೇನ್ ದೇಶಕ್ಕೆ ಹೋದ ಹೊಸತು. ಒಂದು ದಿನ ಬೀದಿ ಬದಿಯ ಹೋಟೆಲಿನಲ್ಲಿ ಕೂತು ಅವನಿಗೆ ಫೋನ್ ಮಾಡಿದೆ. ನನ್ನದು ಮೊದಲೇ ದೊಡ್ಡ ಗಂಟಲು. 'ಏ ಗಿರಿ, ಊಟ ಆಯ್ತೇನೋ?' ಅಂದೆ. ಕಾಫಿ ತಂದ ಹುಡುಗ ಕಿಸಕ್ಕನೆ ನಕ್ಕ. ಪಕ್ಕದ ಟೇಬಲ್ಲಿನಲ್ಲಿ ಬಿಸಿಲಿಗೆ ಟೊಮ್ಯಾಟೊ ಹಾಗೆ ಕೆಂಪಗಾಗಿದ್ದ ಬ್ರಿಟಿಷರೊಬ್ಬರು ತಿರುಗಿ ನನ್ನನ್ನೇ ನೋಡಿದರು. ನನಗೆ ತಲೆಬುಡ ತಿಳಿಯಲಿಲ್ಲ.

ಆಮೇಲೆ ಗೊತ್ತಾಯಿತು. ಸ್ಪೇನಿನ ಆಡುಮಾತಿನಲ್ಲಿ ಗಿರಿ ಅಂದರೆ ಬಿಳಿ ಚರ್ಮದ ಪರದೇಶಿ. ಬ್ರಿಟನ್ನು, ಜರ್ಮನಿ ಕಡೆಯಿಂದ ಬಂದು, ಸಾಕ್ಸ್ ಮೇಲೆ ಸ್ಯಾಂಡಲ್ ಹಾಕಿಕೊಂಡು ಓಡಾಡುವವರು. ಬೈಗುಳ ಅನ್ನೋ ಹಾಗಿಲ್ಲ, ಹೊಗಳಿಕೆಯಂತೂ ಅಲ್ಲ. ಆ ಗಿರಿಗಳ ನಡುವೆ ನಾನು ಎರಡು ವರ್ಷ ಇದ್ದೆ. ಇವತ್ತು ಅವರ ಮಾತು.

ಊರಿನ ಹೆಸರು ಹಾವೆಯಾ. ಅಲಿಕಾಂಟೆ ಜಿಲ್ಲೆಯಲ್ಲಿ, ಮೆಡಿಟರೇನಿಯನ್ ಸಮುದ್ರದ ದಡದಲ್ಲಿದೆ. ಹಿಂದೆ ಮೋಂಗೊ ಅನ್ನುವ ಗುಡ್ಡ, ಮುಂದೆ ನೀರು, ಗುರುವಾರ ಸಂತೆ. ಊರಿನಲ್ಲಿ ಹತ್ತಿರ ಹತ್ತಿರ ಅರ್ಧ ಜನ ಹೊರದೇಶದವರು, ಅವರಲ್ಲಿ ಬ್ರಿಟಿಷರದೇ ದೊಡ್ಡ ಗುಂಪು. ಇಡೀ ಸ್ಪೇನಿನಲ್ಲಿ ಲೆಕ್ಕಕ್ಕೆ ಸಿಕ್ಕ ಬ್ರಿಟಿಷರೇ ಎರಡೂವರೆ ಲಕ್ಷಕ್ಕೂ ಜಾಸ್ತಿ.

ಇವರು ಯಾಕೆ ಬಂದರು ಅಂದರೆ ಉತ್ತರ ಸುಲಭ. ಬಿಸಿಲು. 1967ರಲ್ಲಿ ಅಲಿಕಾಂಟೆಯ ವಿಮಾನ ನಿಲ್ದಾಣ ಶುರುವಾಯಿತು. ಪಕ್ಕದ ಬೆನಿದೋರ್ಮ್‌ಗೆ ರಜೆಗೆ ಬಂದವರು, ಇಷ್ಟು ಬಿಸಿಲು ಇಷ್ಟು ಅಗ್ಗಕ್ಕೆ ಸಿಗುತ್ತಾ ಅಂತ ಬಾಯಿ ಬಿಟ್ಟರು. ಪಿಂಚಣಿ ಬಂದ ಮೇಲೆ ಅಲ್ಲಿನ ಮನೆ ಮಾರಿ ಇಲ್ಲಿ ಮನೆ ಕೊಂಡರು. ಊರೊಳಗಲ್ಲ, ಊರಾಚೆ ಗುಡ್ಡದ ಮೇಲೆ. ಅದಕ್ಕೆ ಸ್ಪ್ಯಾನಿಷ್‌ನಲ್ಲಿ ಉರ್ಬನಿಥಾಥ್ಯೋನ್ ಅನ್ನೋ ಉದ್ದದ ಹೆಸರಿದೆ. ಬೆಂಗಳೂರಿನವರಿಗೆ ಒಂದೇ ಮಾತಲ್ಲಿ ಹೇಳಬಹುದು, ಲೇಔಟು. ಬಿಳಿ ಮನೆ, ಕಾಂಪೌಂಡು, ಸಣ್ಣದೊಂದು ಈಜುಕೊಳ. ಕೆಳಗೆ ಬಂದರೆ ಇಂಗ್ಲಿಷ್ ಪೇಪರ್, ಇಂಗ್ಲಿಷ್ ಮಾತಾಡುವ ಹಲ್ಲಿನ ಡಾಕ್ಟರು, ಇಂಗ್ಲಿಷ್ ಕ್ಷೌರದಂಗಡಿ.

ಒಂದು ಪದದ ಬಗ್ಗೆ ಹೇಳಿಬಿಡುತ್ತೇನೆ. ನಮ್ಮವರು ಲಂಡನ್ನಿಗೆ ಹೋಗಿ ನೆಲೆಸಿದರೆ ಅಲ್ಲಿ ಅವರು ಇಮಿಗ್ರೆಂಟ್. ಇವರು ಸ್ಪೇನಿಗೆ ಬಂದು ನೆಲೆಸಿದರೆ ಎಕ್ಸ್‌ಪ್ಯಾಟ್. ಎರಡೂ ಪದಗಳ ಕೆಲಸ ಒಂದೇ, ಸಂಬಳ ಬೇರೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ, ಅಜ್ಜಿ ಇದ್ದರು. ಯಾರ್ಕ್‌ಷೈರ್ ಕಡೆಯವರು. ಅಜ್ಜ ಮೂವತ್ತು ವರ್ಷ ಬ್ರಾಡ್‌ಫರ್ಡ್ ಊರಿನಲ್ಲಿ ಸಿಟಿ ಬಸ್ ಓಡಿಸಿದವರು. ಗಂಡಸು ಹೆಂಗಸು ಅನ್ನದೆ ಎಲ್ಲರನ್ನೂ 'ಲವ್' ಅಂತ ಕರೆಯುತ್ತಿದ್ದರು. ಮೊದಲ ದಿನ ನನಗೆ ಮುಜುಗರ ಆಯಿತು. ಆಮೇಲೆ ನೋಡಿದರೆ ಅದು ನಮ್ಮ 'ಏನಮ್ಮ', 'ಏನಪ್ಪ' ಇದ್ದ ಹಾಗೆ, ಬಾಯಿಗೆ ಬಂದದ್ದು ಅಷ್ಟೇ. ಅಜ್ಜಿಗೂ ನನಗೂ ಸ್ನೇಹ ಆಗಿದ್ದು ಟೀ ದೆಸೆಯಿಂದ. ಅಲ್ಲಿ ಹೋಟೆಲಿನಲ್ಲಿ ಹಾಲಿನ ಟೀ ಕೇಳಿದರೆ, ಒಂದು ಲೋಟ ಬಿಸಿ ಹಾಲಿನಲ್ಲಿ ಟೀ ಬ್ಯಾಗ್ ಇಳಿಬಿಟ್ಟು ತಂದಿಡುತ್ತಾರೆ. ಅದನ್ನು ಕುಡಿದ ಇಬ್ಬರ ಮುಖವೂ ಒಂದೇ ಥರ ಆಗುತ್ತಿತ್ತು.

ಆ ಊರಿನಲ್ಲಿ ನಾನು ಕಂಡ ದೊಡ್ಡ ತಮಾಷೆ ಸರತಿಯದು. ಸಾಲು ಅಂದರೆ ಬ್ರಿಟಿಷರಿಗೆ ಪ್ರಾಣ, ಅಲ್ವಾ? ಒಬ್ಬರೇ ಇದ್ದರೂ ನೆಟ್ಟಗೆ ಸಾಲಾಗಿ ನಿಲ್ಲುವ ಜನ. ಸ್ಪೇನಿನ ಬ್ರೆಡ್ ಅಂಗಡಿಗೆ ಹೋದರೆ ಸಾಲೇ ಇಲ್ಲ. ಒಬ್ಬಳು ಗೋಡೆಗೆ ಒರಗಿದ್ದಾಳೆ, ಇಬ್ಬರು ಬಾಗಿಲಾಚೆ ಹರಟೆ ಹೊಡೆಯುತ್ತಿದ್ದಾರೆ, ಒಬ್ಬ ಮುದುಕ ಕುರ್ಚಿಯಲ್ಲಿ ಕೂತಿದ್ದಾನೆ. ಅಜ್ಜ ಮೊದಲ ಸಲ ಹೋದಾಗ ಯಾರೂ ಇಲ್ಲವಲ್ಲ ಅಂತ ನೇರ ಕೌಂಟರಿಗೆ ಹೋಗಿ ನಿಂತರು. ಅಂಗಡಿ ಪೂರ್ತಿ ಗುರ್ ಅಂತು.

ಅಲ್ಲೂ ಸರತಿ ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಒಳಗೆ ಬಂದವರು 'ಎಲ್ ಉಲ್ತಿಮೊ?' ಅಂತ ಕೇಳಬೇಕು. ಕೊನೆಯವರು ಯಾರು ಅಂತ. ಯಾರೋ ಒಬ್ಬರು 'ಯೊ' ಅನ್ನುತ್ತಾರೆ. ನಾನು ಅಂತ. ಅವರ ಮುಖ ನೆನಪಿಟ್ಟುಕೊಂಡರೆ ಆಯಿತು, ಅವರಾದ ಮೇಲೆ ನೀವು. ಅಷ್ಟರಲ್ಲಿ ಎಲ್ಲಿ ಬೇಕಾದರೂ ನಿಲ್ಲಿ, ಕೂರಿ. ಡಾಕ್ಟರ ಹತ್ತಿರ, ಔಷಧದ ಅಂಗಡಿಯಲ್ಲಿ, ಮೀನಿನ ಅಂಗಡಿಯಲ್ಲಿ, ಎಲ್ಲ ಕಡೆ ಇದೇ. ಎರಡು ಪದ ಗೊತ್ತಿಲ್ಲದಿದ್ದರೆ ಊರಿನವರ ಕಣ್ಣಿಗೆ ನೀವು ನುಗ್ಗುವವರು. ಅಜ್ಜನಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿರಲಿಲ್ಲ. ಅವರು ಸ್ಪ್ಯಾನಿಷ್ ಕಲಿಯೋಕೆ ಶುರು ಮಾಡಿದ್ದೇ ಅವತ್ತಿನಿಂದ.

ಕಲಿಯೋದು ಸುಲಭ ಇರಲಿಲ್ಲ. ಇಂಗ್ಲಿಷಿನವರ ಬಾಯಿಯಲ್ಲಿ ಪ್ಲೀಸು, ಥ್ಯಾಂಕ್ಯೂ ಇಲ್ಲದೆ ಮಾತು ಹೊರಡುವುದಿಲ್ಲ. 'ದಯವಿಟ್ಟು ನನಗೊಂದು ಕಾಫಿ ಸಿಗಬಹುದೇ' ಅನ್ನುವ ಥರ ಅಜ್ಜ ಸ್ಪ್ಯಾನಿಷ್‌ನಲ್ಲಿ ಉದ್ದಕ್ಕೆ ಪೋಣಿಸುತ್ತಿದ್ದರು. ಅಲ್ಲಿನವರು 'ಒಂದು ಕಾಫಿ ಹಾಕು' ಅನ್ನುತ್ತಾರೆ, ಮುಗೀತು. ಅದು ಒರಟುತನ ಅಲ್ಲ. ನನಗೆ ಇದು ಥಟ್ಟನೆ ಹಿಡಿಯಿತು. ನಾವೇನು ಹೋಟೆಲಿನಲ್ಲಿ ದಯವಿಟ್ಟು ಅನ್ನುತ್ತೇವಾ? ದಯವಿಟ್ಟು ಅನ್ನೋದು ಬೋರ್ಡಿನ ಮೇಲೆ ಮಾತ್ರ. 'ಒಂದು ಸ್ಟ್ರಾಂಗ್ ಕಾಫಿ ಕೊಡಿ' ಅನ್ನುತ್ತೇವೆ. ಮರ್ಯಾದೆಯೆಲ್ಲ ಆ 'ಡಿ' ಒಳಗಿದೆ. ನೀನು, ನೀವು ಇದ್ದ ಹಾಗೆ ಅವರಿಗೆ ತೂ, ಉಸ್ತೆದ್ ಇದೆ. ಇಂಗ್ಲಿಷಿನವರಿಗೆ ಎಲ್ಲರಿಗೂ ಒಂದೇ ಯೂ. ಅಜ್ಜ ಪೊಲೀಸಿನವನನ್ನು ನೀನು ಅಂದರು, ಬೀದಿ ನಾಯಿಯನ್ನು ನೀವು ಅಂದರು.

ಔಷಧದ ಅಂಗಡಿಯ ಕಥೆ ಕೇಳಿ. ಸ್ಪೇನಿನಲ್ಲಿ ಒಂದು ಪ್ಯಾರಾಸಿಟಮಾಲ್ ಬೇಕಾದರೂ ಹಸಿರು ಶಿಲುಬೆಯ ದೀಪ ಇರುವ ಔಷಧದ ಅಂಗಡಿಗೇ ಹೋಗಬೇಕು. ಅಜ್ಜನಿಗೆ ಮೂರು ದಿನದಿಂದ ಮಲಬದ್ಧತೆ. ಅದಕ್ಕೆ ಇಂಗ್ಲಿಷಿನಲ್ಲಿ ಇರುವ ಕಾನ್‌ಸ್ಟಿಪೇಟೆಡ್ ಅನ್ನೋ ಪದಕ್ಕೇ ಒಂದು ಬಾಲ ಅಂಟಿಸಿ 'ಕೋನ್ಸ್ತಿಪಾದೊ' ಅಂದರು. ಅಂಗಡಿಯಾಕೆ ಗಂಟಲು ನೋವಿದೆಯಾ ಅಂತ ಕೇಳಿದಳು. ಇಲ್ಲ ಅಂದರು. ಜ್ವರ? ಇಲ್ಲ. ಮೂಗು ಕಟ್ಟಿದೆಯಾ ಅಂತ ಮೂಗು ಹಿಡಿದು ತೋರಿಸಿದಳು. ಅಜ್ಜ ತಲೆ ಅಲ್ಲಾಡಿಸಿ, ಹೊಟ್ಟೆ ಮುಟ್ಟಿ, ಆಮೇಲೆ ಹಿಂದೆ ಕೈ ತೋರಿಸಿದರು. ಆಕೆ ಇನ್ನಷ್ಟು ಗಾಬರಿಯಾದಳು. ಕೊನೆಗೆ ಶೀತದ ಮಾತ್ರೆ ಕೊಟ್ಟು ಕಳಿಸಿದಳು. ಯಾಕಂದರೆ ಸ್ಪ್ಯಾನಿಷ್‌ನಲ್ಲಿ ಕೋನ್ಸ್ತಿಪಾದೊ ಅಂದರೆ ನೆಗಡಿ ಆಗಿದೆ ಅಂತ! ಹೊಟ್ಟೆ ಕಟ್ಟಿದ್ದಕ್ಕೆ ಎಸ್ತ್ರೆನ್ಯೀದೊ ಅನ್ನಬೇಕಂತೆ. ಆ ಪದ ಅಜ್ಜ ಸಾಯೋವರೆಗೂ ಮರೆಯಲಾರರು.

ಹೆಸರಿನ ಗೋಳು ಇನ್ನೊಂದು. ಸ್ಪೇನಿನಲ್ಲಿ ಎಲ್ಲರಿಗೂ ಎರಡು ಸರ್‌ನೇಮ್. ಸಾಮಾನ್ಯವಾಗಿ ಮೊದಲು ಅಪ್ಪನದು, ಆಮೇಲೆ ಅಮ್ಮನದು. ಈಗ ನಮ್ಮಜ್ಜನ ಹೆಸರು ಜಾನ್ ವಿಲಿಯಂ ಸ್ಮಿತ್ ಅಂತ ಇಟ್ಟುಕೊಳ್ಳಿ. ಕಚೇರಿಯ ಗುಮಾಸ್ತೆ ಮೂರು ಪದ ನೋಡುತ್ತಾಳೆ. ಹೆಸರು ಜಾನ್, ಅಪ್ಪನ ಕಡೆಯಿಂದ ವಿಲಿಯಂ, ಅಮ್ಮನ ಕಡೆಯಿಂದ ಸ್ಮಿತ್ ಅಂತ ಬರೆದುಕೊಳ್ಳುತ್ತಾಳೆ. ಅಜ್ಜನಿಗೆ ಹೀಗೇ ಆಯಿತು. ಒಂದು ದಿನ ಆಸ್ಪತ್ರೆಯಲ್ಲಿ ಕೂತಿದ್ದಾರೆ. 'ಸೆನ್ಯೋರ್ ವಿಲಿಯಂ' ಅಂತ ಮೂರು ಸಲ ಕರೆದರು. ಈ ವಿಲಿಯಂ ಎಲ್ಲಿ ಹಾಳಾಗಿ ಹೋದನಪ್ಪ ಅಂತ ಇವರೂ ಸುತ್ತ ನೋಡಿದರು. ಒಂದು ಗಂಟೆ ಆದ ಮೇಲೆ ತಾನೇ ಆ ವಿಲಿಯಂ ಅಂತ ಗೊತ್ತಾಯಿತು. ಅಜ್ಜಿಗೆ ಇನ್ನೊಂದು ಥರ. ಸ್ಪೇನಿನಲ್ಲಿ ಮದುವೆಯಾದರೂ ಹೆಂಗಸರು ತಮ್ಮ ಹೆಸರು ಬಿಡುವುದಿಲ್ಲ. ಗಂಡ ಹೆಂಡತಿಗೆ ಒಂದೇ ಸರ್‌ನೇಮ್ ಕಂಡು, ನೀವಿಬ್ಬರೂ ಅಣ್ಣ ತಂಗಿನಾ ಅಂತ ಕೇಳಿದರಂತೆ.

ನಾನು ನಗುವ ಹಾಗಿರಲಿಲ್ಲ. ನನ್ನದು ಇನಿಷಿಯಲ್ ಹೆಸರು. ಒಂದಕ್ಷರ ಊರಿನದು, ಒಂದಕ್ಷರ ಅಪ್ಪನದು. ಪಾಸ್‌ಪೋರ್ಟಿನಲ್ಲಿ ಅದನ್ನೆಲ್ಲ ಬಿಡಿಸಿ ಬರೆದಿದ್ದಾರೆ. ಹಾಗಾಗಿ ಎರಡು ವರ್ಷ ನಾನು ಆ ಊರಿನಲ್ಲಿ ಶ್ರೀಮತಿ ತುರುವೇಕೆರೆ.

ಇಷ್ಟೆಲ್ಲ ಆದರೂ ಹತ್ತು, ಹದಿನೈದು ವರ್ಷದಿಂದ ಅಲ್ಲಿದ್ದು ನಾಲ್ಕು ಮಾತು ಬಾರದ ಬ್ರಿಟಿಷರು ಬೇಕಾದಷ್ಟಿದ್ದಾರೆ. ಸೊಕ್ಕು ಅಂತ ನಾನೂ ಅಂದುಕೊಂಡಿದ್ದೆ. ಜಗತ್ತಿಗೆಲ್ಲ ಇಂಗ್ಲಿಷ್ ಕಲಿಸಿದವರು ಇನ್ನೊಂದು ಭಾಷೆ ಕಲೀತಾರಾ ಅಂತ. ಸ್ವಲ್ಪ ಸೊಕ್ಕು ಇದೆ, ಇಲ್ಲ ಅನ್ನಲಾರೆ. ಆದರೆ ಅಜ್ಜನ ಜೊತೆ ದಿನಾ ಬ್ರೆಡ್ ಅಂಗಡಿಗೆ ಹೋಗಿ ಬಂದ ಮೇಲೆ ಬೇರೇನೋ ಕಾಣಿಸಿತು. ಅವರನ್ನು ಕಲಿಯೋಕೆ ಯಾರೂ ಬಿಡುವುದಿಲ್ಲ! ಅಜ್ಜ ರಾತ್ರಿ ಪುಸ್ತಕ ನೋಡಿ ಒಂದು ವಾಕ್ಯ ಉರು ಹೊಡೆದು ಬಂದಿರುತ್ತಾರೆ. 'ಉನಾ ಬಾರ್ರಾ...' ಅನ್ನುವಷ್ಟರಲ್ಲಿ ಕೌಂಟರಿನ ಹುಡುಗಿ ಇಂಗ್ಲಿಷಿನಲ್ಲಿ 'ಒಂದು ಬ್ರೆಡ್ಡಾ? ಚೀಲ ಬೇಕಾ?' ಅಂತ ಕೇಳಿ ಮುಗಿಸಿರುತ್ತಾಳೆ. ಅವಳಿಗೆ ಕೆಲಸ ಬೇಗ ಆಗಬೇಕು. ಜೊತೆಗೆ ಉಪಕಾರ ಮಾಡಿದೆ ಅನ್ನುವ ಖುಷಿ. ಅಜ್ಜ ಉಳಿದ ಅರ್ಧ ವಾಕ್ಯ ಬಾಯಲ್ಲೇ ಇಟ್ಟುಕೊಂಡು ಮನೆಗೆ ಬರುತ್ತಾರೆ.

ಇದನ್ನು ನಾನೆಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ನಿಮಗೂ ಅನ್ನಿಸಿರಬೇಕು. ಬೆಂಗಳೂರಿನಲ್ಲಿ ಹೊಸಬರು 'ಎಷ್ಟು' ಅಂತ ತಡವರಿಸಿದರೆ ಸಾಕು, ನಾವು ಹಿಂದಿಗೋ ತಮಿಳಿಗೋ ಇಂಗ್ಲಿಷಿಗೋ ಹಾರಿರುತ್ತೇವೆ. ಆಮೇಲೆ ಮನೆಗೆ ಬಂದು, ಇವರು ಕನ್ನಡ ಕಲಿಯೋದೇ ಇಲ್ಲ ಅಂತ ಬೈಯುತ್ತೇವೆ. ನಾನೂ ಹಾಗೆ ಮಾಡಿದವಳೇ.

ಅಲ್ಲಿ ಕಲಿತವರಿಗೂ ಪೂರ್ತಿ ನೆಮ್ಮದಿ ಇಲ್ಲ. ಆ ಕಡೆಯ ನೆಲದ ಭಾಷೆ ವಲೆನ್ಸಿಯನ್. 1982ರಿಂದ ಸ್ಪ್ಯಾನಿಷ್ ಜೊತೆಗೆ ಅದಕ್ಕೂ ಸರ್ಕಾರಿ ಮಾನ್ಯತೆ ಇದೆ. ಹಾವೆಯಾ ಅನ್ನೋದು ಸ್ಪ್ಯಾನಿಷ್ ಹೆಸರು, ಊರಿನವರ ಬಾಯಲ್ಲಿ ಅದು ಶಾಬಿಯಾ. ಕಷ್ಟಪಟ್ಟು 'ಬ್ವೆನೋಸ್ ದಿಯಾಸ್' ಕಲಿತು ಬಂದರೆ ಮುದುಕಿ 'ಬೋನ್ ದಿಯಾ' ಅನ್ನುತ್ತಾಳೆ. ಮೊಮ್ಮಕ್ಕಳ ಶಾಲೆಯ ಚೀಟಿ ವಲೆನ್ಸಿಯನ್‌ನಲ್ಲಿ ಬರುತ್ತದೆ. ಕನ್ನಡ ಕಲಿತು ಮಂಗಳೂರಿಗೆ ಹೋದವರು ಮೀನಿನ ಮಾರುಕಟ್ಟೆಯಲ್ಲಿ ತುಳು ಕೇಳಿ ಕಣ್ಣು ಬಿಡುತ್ತಾರಲ್ಲ, ಹಾಗೆ.

ಇದರ ಮೇಲೆ ಬ್ರೆಕ್ಸಿಟ್, ಅಂದರೆ ಬ್ರಿಟನ್ನು ಯುರೋಪಿನ ಒಕ್ಕೂಟ ಬಿಟ್ಟು ಹೊರಬಂದದ್ದು. 2016ರಲ್ಲಿ ಮತ ಹಾಕಿದರು, 2020ರ ಕೊನೆಗೆ ಹಳೆಯ ಸವಲತ್ತು ಮುಗಿಯಿತು. ಚಳಿಗಾಲಕ್ಕೆ ಮಾತ್ರ ಬಂದು ಹೋಗುವವರು ಈಗ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ಫ್ರಿಜ್ಜಿನ ಮೇಲೆ ಕ್ಯಾಲೆಂಡರ್ ಅಂಟಿಸಿ ದಿನ ಹೊಡೆದು ಹಾಕುತ್ತಾರೆ. ಖಾಯಂ ಇದ್ದವರಿಗೆ ಬೇರೆ ಪೆಟ್ಟು ಬಿತ್ತು. 2022ರ ಮೇ 1ರಿಂದ ಅಲ್ಲಿ ನೆಲೆಸಿದವರ ಬ್ರಿಟಿಷ್ ಡ್ರೈವಿಂಗ್ ಲೈಸೆನ್ಸ್ ಸ್ಪೇನಿನಲ್ಲಿ ನಡೆಯದು ಅಂತ ಆಯಿತು. ಎರಡು ದೇಶಗಳ ಒಪ್ಪಂದ ಆಗಿದ್ದು 2023ರ ಮಾರ್ಚ್‌ನಲ್ಲಿ. ಮೊದಲೇ ಲೈಸೆನ್ಸ್ ಬದಲಾಯಿಸಿಕೊಂಡವರು ಬಚಾವ್. ನಮ್ಮಜ್ಜ ನಾಳೆ ಮಾಡಿಸೋಣ ಅಂತ ಕೂತವರು. ಮೂವತ್ತು ವರ್ಷ ಬಸ್ ಓಡಿಸಿದ ಮನುಷ್ಯ ಹತ್ತೂವರೆ ತಿಂಗಳು ಕಾರಿಗೆ ಟಾರ್ಪಾಲ್ ಹೊದಿಸಿ, ಗುಡ್ಡ ಇಳಿದು ಹತ್ತಿ ಬ್ರೆಡ್ ತಂದರು.

ಕಾಗದ ಪತ್ರಕ್ಕೆ ಅಲ್ಲಿ ಹೆಸ್ತೋರ್ ಅನ್ನೋ ಏಜೆಂಟ್ ಒಬ್ಬ ಇರುತ್ತಾನೆ. ನಮ್ಮ ಆರ್‌ಟಿಓ ಆಫೀಸಿನ ಎದುರು ಮರದ ಕೆಳಗೆ ಕೂರುವವನ ಅಣ್ಣ ಅನ್ನಿ, ಸ್ವಲ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದವನು. ಅವನೇ ಕೊನೆಗೆ ಅಜ್ಜನ ಕೆಲಸ ಮಾಡಿಕೊಟ್ಟ.

ಆ ಹತ್ತೂವರೆ ತಿಂಗಳಲ್ಲಿ ಒಂದು ಸಂಜೆ ಅಜ್ಜ ನನಗೆ ಹೇಳಿದರು. ಬ್ರಾಡ್‌ಫರ್ಡ್‌ನ ಬಸ್ ಡಿಪೋದಲ್ಲಿ ಅವರ ಜೊತೆ ಪಂಜಾಬಿನವರು, ಪಾಕಿಸ್ತಾನದ ಕಡೆಯ ಮೀರ್‌ಪುರದವರು ಎಷ್ಟೋ ಜನ ಕೆಲಸ ಮಾಡುತ್ತಿದ್ದರಂತೆ. 'ಅವರ ಇಂಗ್ಲಿಷ್ ಕೇಳಿ ನಾವು ನಗುತ್ತಿದ್ದೆವು, ಲವ್' ಅಂದರು. ಮುಂದೆ ಏನೂ ಹೇಳಲಿಲ್ಲ. ಟೀ ತಣ್ಣಗಾಗಿತ್ತು, ಅಜ್ಜಿ ಬದಲಾಯಿಸಿ ತಂದರು.

ನಾವು ಊರು ಬಿಡುವ ಹಿಂದಿನ ದಿನ ನಾನು ಕೊನೆಯ ಸಲ ಬ್ರೆಡ್ ಅಂಗಡಿಗೆ ಹೋದೆ. ಬಾಗಿಲಲ್ಲಿ ನಿಂತು 'ಎಲ್ ಉಲ್ತಿಮೊ?' ಅಂದೆ. ಒಳಗಿನ ಕುರ್ಚಿಯಿಂದ ಒಂದು ಕೈ ಮೇಲೆದ್ದಿತು. 'ಯೊ.' ನೋಡಿದರೆ ಅಜ್ಜ. ಅವರ ಸರದಿ ಬಂತು. ಕೌಂಟರಿಗೆ ಹೊಸ ಹುಡುಗಿ ಬಂದಿದ್ದಳು. ಅಜ್ಜ ಸ್ಪ್ಯಾನಿಷ್‌ನಲ್ಲಿ ಕೇಳಿದರು, ಅವಳು ಇಂಗ್ಲಿಷ್‌ನಲ್ಲಿ ಉತ್ತರ ಕೊಟ್ಟಳು. ಅಜ್ಜ ಮತ್ತೆ ಸ್ಪ್ಯಾನಿಷ್, ಅವಳು ಮತ್ತೆ ಇಂಗ್ಲಿಷ್. ಇಬ್ಬರೂ ಬಿಡಲಿಲ್ಲ. ಬ್ರೆಡ್ಡು ನಡುವೆ ಕೌಂಟರಿನ ಮೇಲೆ ಬಿಸಿಯಾಗಿ ಕೂತಿತ್ತು. ಹಿಂದಿದ್ದ ಮುದುಕಿಯೊಬ್ಬಳು ತಾಳ್ಮೆಗೆಟ್ಟು, ವಲೆನ್ಸಿಯನ್‌ನಲ್ಲಿ ಇಬ್ಬರನ್ನೂ ಸೇರಿಸಿ ಬೈದಳು.

ನಮಸ್ಕಾರ.